ಸಿಕ್ಕಿದ ಮನೆ

ಅಮ್ಮಾ,

ನೀನು ತೀರಿಕೊಂಡ ಮೇಲೆ ನಿನಗೆ ಬರೆದವಳೇ ಅಲ್ಲ. ಇವತ್ತು ಕೂತಲ್ಲಿ ಕೂರಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮಗೆ ಬಾಡಿಗೆ ಮನೆ ಸಿಕ್ಕಿತು.

ಪ್ರವಾಹದಲ್ಲಿ ನಮ್ಮ ಮನೆ ಕುಸಿದ ಮೇಲೆ ಮಕ್ಕಳನ್ನು ಕಟ್ಟಿಕೊಂಡು ಶಾಲೆಯೊಂದರ ವರಾಂಡದಲ್ಲಿದ್ದೆವು. ಊರಿನಲ್ಲಿ ಉಳಿದ ಮನೆಗಳ ಬಾಡಿಗೆ ಕೇಳಿ ಬಾಗಿಲಿನಿಂದಲೇ ವಾಪಸ್ ಬರುತ್ತಿದ್ದೆವು. ಬೆಳಿಗ್ಗೆ ದಲ್ಲಾಳಿ ಈ ಎರಡು ಕೋಣೆಯ ಮನೆ ತೋರಿಸಿದ. ಒಳಗೆ ಬಾಣಂತಿಯೊಬ್ಬಳು ಕೂಸನ್ನು ತಟ್ಟುತ್ತಾ ಕೂತಿದ್ದಳು. ಖಾಲಿ ಮಾಡುತ್ತಿರುವವಳು ಇರಬೇಕು ಅಂದುಕೊಂಡೆ.

"ಮೊದಲಿನ ಬಾಡಿಗೆಯ ಮೂರರಷ್ಟು. ಆಗುತ್ತಾ?" ಎಂದ ಮಾಲೀಕ.

ನಿನ್ನ ಅಳಿಯ ನನ್ನ ಮುಖ ನೋಡಿದರು. "ಆಗುತ್ತೆ," ಎಂದವಳು ನಾನೇ.

ಮಾಲೀಕ ತಕ್ಷಣ ಆ ಬಾಣಂತಿಯ ಕಡೆ ತಿರುಗಿದ. "ಕೇಳಿಸ್ತಲ್ಲಮ್ಮ? ಅಷ್ಟು ಕೊಡೋದಾದ್ರೆ ನೀನೇ ಇರು. ಇಲ್ಲಾಂದ್ರೆ ಸಂಜೆಯೊಳಗೆ ಬಿಡು."

ಅವಳು ತಾನಾಗಿ ಖಾಲಿ ಮಾಡುತ್ತಿಲ್ಲವೆಂದು ನನಗೆ ಗೊತ್ತಾದದ್ದು ಆಗಲೇ. ಆಡಿದ ಮಾತನ್ನು ವಾಪಸ್ ತೆಗೆದುಕೊಳ್ಳಬಹುದಿತ್ತು. ನನ್ನ ಚಿಕ್ಕವಳು ಆಗಲೇ ಒಳಗೋಡಿ ನಲ್ಲಿ ತಿರುಗಿಸಿ, "ಅಮ್ಮಾ, ನೀರು ಬರ್ತಿದೆ!" ಎಂದು ಕುಣಿಯುತ್ತಿದ್ದಳು.

ಸಂಜೆ ಅವಳು ಗಂಟುಮೂಟೆ ಹೊರಗಿಟ್ಟು, ಕೂಸನ್ನು ಎದೆಗವಚಿಕೊಂಡು ಕೀಲಿಕೈ ಕೊಡಲು ಬಂದಳು. ಬಯ್ಯುತ್ತಾಳೆಂದು ಕಾದೆ. ಬಯ್ದಿದ್ದರೆ ಒಳ್ಳೆಯದಿತ್ತು.

"ಅಕ್ಕಾ, ಹಿಂದಿನ ಬಾಗಿಲಿನ ಚಿಲಕ ಸಡಿಲ ಇದೆ. ಮಕ್ಕಳಿದ್ದಾರೆ, ನೋಡ್ಕೊಳ್ಳಿ," ಎಂದಳು.

"ಸರಿಯಮ್ಮ," ಎಂದೆ, ಅಷ್ಟೇ.

ಆಗಿನಿಂದ ಹಾಸಿದ್ದನ್ನು ಮಡಿಸುತ್ತೇನೆ, ಮಡಿಸಿದ್ದನ್ನು ಹಾಸುತ್ತೇನೆ. ಎಲ್ಲಿಗೆ ಹೋಗುತ್ತೀಯ ಎಂದು ನಾನು ಕೇಳಲಿಲ್ಲ, ಅಮ್ಮಾ. ಕೇಳಿದರೆ ಹೇಳಿಬಿಡುತ್ತಾಳೆ ಅನ್ನಿಸಿತು.