ಮೇಲಿನ ಮನೆಯ ಗಿಡಗಳು

ಮೂಡಲಗಿ
೯ ಮಾರ್ಚ್ ೨೦೨೫

ಐಶ್ವರ್ಯಾ,

ಕ್ಷೇಮವೇ ಎಂದು ಕೇಳುವ ಮುಖ ನನಗಿಲ್ಲ. ನೀನು ಹುಕ್ಕೇರಿಯ ತವರಿಗೆ ಹೋಗಿ ನಾಲ್ಕು ತಿಂಗಳಾಯಿತು. ಫೋನ್ ಎತ್ತುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ದಾನೇಶ್ವರಿಗೆ ಉಬ್ಬಸ ಶುರುವಾದಾಗಲೇ ನೀನು ಹೇಳಿದ್ದೆ: "ಕೆಳಗ ಅಂಗಡ್ಯಾಗ ಸೋಫಾಕ್ಕ ಸೊಲ್ಯೂಷನ್ ಹಚ್ಚಿದ್ರ ಮ್ಯಾಲಿನ ಮನಿಯೆಲ್ಲಾ ಘಾಟ ಆಗತೈತ್ರಿ. ಕೂಸು ತಡಕೊಳ್ಳಾಂಗಿಲ್ಲ. ಆ ಅಂಟಿನ ಕೆಲಸ ಬ್ಯಾರೆ ಕಡೆ ಒಯ್ಯಿರಿ." ನಾನು ಒಯ್ಯಲಿಲ್ಲ. ಮೊಬೈಲಿನಲ್ಲಿ ಯಾವುದೋ ವಿಡಿಯೋ ನೋಡಿ ಗೋಕಾಕದ ನರ್ಸರಿಯಿಂದ ಗಿಡ ತಂದೆ. ಮನಿ ಪ್ಲಾಂಟ್, ಸ್ನೇಕ್ ಪ್ಲಾಂಟ್, ಲೋಳೆಸರ. ಎಲ್ಲವನ್ನೂ ಕೂಸಿನ ಹಾಸಿಗೆಯ ಸುತ್ತ ಇಟ್ಟೆ. ಅವು ಕೆಟ್ಟ ಗಾಳಿಯನ್ನು ಎಳೆದುಕೊಳ್ಳುತ್ತವೆ ಎಂದು ನಿನ್ನನ್ನು ನಂಬಿಸಿದೆ. ನೀನು ದಿನಾ ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆ ಒರೆಸುತ್ತಿದ್ದೆ. ದಾನೇಶ್ವರಿ ಅವಕ್ಕೆಲ್ಲ ಅಂಗನವಾಡಿಯ ಗೆಳತಿಯರ ಹೆಸರಿಟ್ಟಿದ್ದಳು.

ಇನ್ನು ನಿನಗೆ ಗೊತ್ತಿಲ್ಲದ್ದು. ದಸರೆಗೆ ಮುಂಚೆ ಗೋಕಾಕದ ಡಾಕ್ಟರ ಹತ್ತಿರ ಹೋಗಿದ್ದೆವಲ್ಲ, ಆಗ ನೀನು ಒಳಗೆ ಕೂಸಿಗೆ ಔಷಧದ ಹಬೆ ಕೊಡಿಸುತ್ತಿದ್ದೆ. ನಾನು ಡಾಕ್ಟರಿಗೆ ಗಿಡಗಳ ಸುದ್ದಿ ಹೆಮ್ಮೆಯಿಂದ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಗಿಡದಿಂದ ಏನೂ ಆಗೂದಿಲ್ರಿ. ಆ ಕೆಲಸ ನಿಲ್ಲಸ್ರಿ, ಇಲ್ಲಾ ಇವತ್ತ ಕೂಸಿನ್ನ ಆ ಮನಿಯಿಂದ ಹೊರಗ ಒಯ್ಯಿರಿ," ಅಂದರು.

ನೀನು ಹೊರಗೆ ಬಂದು ಕೇಳಿದಾಗ ನಾನು ಹೇಳಿದ್ದು ಬೇರೆ: "ಗಿಡ ಇಟ್ಟಿದ್ದು ಛಲೋ ಆತು ಅಂದ್ರು."

ದೀಪಾವಳಿಯ ಆರ್ಡರುಗಳಿದ್ದವು. ಮುಗಿಯಲಿ, ಆಮೇಲೆ ನೋಡಿದರಾಯಿತು ಅಂದುಕೊಂಡೆ. ಹಬ್ಬಕ್ಕೆ ಐದು ದಿನ ಇರುವಾಗ ಕೂಸು ಹೋಯಿತು.

ಮಣ್ಣು ಮಾಡಿ ಬಂದ ಮೇಲೆ ಅವ್ವ ಎಲ್ಲರೆದುರು ನಿನ್ನನ್ನು ಅಂದಳು: "ಬ್ಯಾಡಂದ್ರೂ ಕಿಟಕಿ ತಗದ ಇಟ್ಟಿ. ಥಂಡಿ ಹತ್ತಿ ಕೂಸು ಹೋತು." ನೀನು ನನ್ನ ಮುಖ ನೋಡಿದೆ. ನಾನು ಚಪ್ಪಲಿ ಬಿಡುವ ನೆಪದಲ್ಲಿ ತಲೆ ಬಗ್ಗಿಸಿದೆ. ಖರೆ ಹೇಳಬೇಕೆಂದರೆ, ನೀನು ಕಿಟಕಿ ತೆಗೆದಿಟ್ಟಿದ್ದರಿಂದಲೇ ಅವಳು ಅಷ್ಟು ದಿನವಾದರೂ ಉಸಿರಾಡಿದಳು.

ತಪ್ಪು ನಿನ್ನದಲ್ಲ. ಇದನ್ನು ನಿಮ್ಮಪ್ಪನಿಗೂ ಅಣ್ಣನಿಗೂ ಓದಿ ಹೇಳು. ತಿರುಗಿ ಬಾ ಎಂದು ಕರೆಯುತ್ತಿಲ್ಲ.

ಕಾಶಿನಾಥ

ತಾ.ಕ.: ಅಂಚೆಗೆ ಹಾಕುವ ಮುಂಚೆ ಇದನ್ನು ಅವ್ವನಿಗೆ ಓದಿ ಹೇಳಿದೆ. "ಹರದ ಒಗಿ. ಡಾಕ್ಟರ್ ಅಂದಿದ್ದು ನಮ್ಮಿಬ್ಬರಿಗಷ್ಟ ಗೊತ್ತೈತಿ," ಅಂದಳು. ಆ ದಿನ ಡಾಕ್ಟರ ಎದುರು ಅವಳೂ ನನ್ನ ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದಳು.