ಅನುಮೋದಕರಿಲ್ಲ

ಕಾಲುವೆ ಬೀದಿ, ಆಲ್ಡನ್ ಫಾಲ್ಸ್
ಶನಿವಾರ, ಮಾರ್ಚ್ ೧೨, ೧೯೮೮

ಪ್ರೀತಿಯ ತಮ್ಮ ಲೂಸಿಯನ್,

ನಿನ್ನ ಮಂಡಿ ಹೇಗಿದೆ? ಹೆಪ್ಪುಗಟ್ಟಿದ ಕೆರೆಯ ಮೇಲೆ ಹಲಗೆ ಗೂಡಿನೊಳಗೆ ಕೂತು, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುವುದು ನಿನ್ನ ಮಂಡಿಗೆ ಆಗಿಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದು ನನ್ನೆದುರಿಗೇ. ನೀನು ಆಗ ತಲೆಯಾಡಿಸಿದ್ದೆ. ತಲೆಯಾಡಿಸುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ. ಉಣ್ಣೆಯ ಕಾಲುಚೀಲ ಹಾಕಿಕೊಂಡಿದ್ದೀಯಾ? ಈ ತಿಂಗಳು ಮಂಜುಗಡ್ಡೆಯನ್ನು ನಂಬಬೇಡ, ಅಂಚಿನಲ್ಲಿ ಅದು ತೆಳ್ಳಗಾಗಿರುತ್ತದೆ. ಇದನ್ನು ಸಿಟ್ಟಿನಿಂದ ಬರೆಯುತ್ತಿಲ್ಲ. ಸಿಟ್ಟಿದೆ, ಆದರೆ ಈ ಮಾತು ಸಿಟ್ಟಿನದ್ದಲ್ಲ.

ಕ್ಲೇರ್‌ಗೆ ಫೋನ್ ಮಾಡಿದ್ದೆ. "ಕೆರೆ ಮನೆಗೆ ಹೋಗಿದಾರೆ ಅತ್ತಿಗೆ, ಯಾವಾಗ ಬರ್ತಾರೋ ನಂಗೂ ಹೇಳಿಲ್ಲ" ಎಂದಳು ಪಾಪ. ನಿನ್ನ ಹೆಂಡತಿಗೆ ಸುಳ್ಳು ಹೇಳಲು ಬರುವುದಿಲ್ಲ, ಅವಳ ದನಿಯೇ ಬೇರೆಯಾಗಿತ್ತು. ಅಲ್ಲಿ ಫೋನಿಲ್ಲ, ಅದಕ್ಕೇ ಈ ಕಾಗದ. ಇವತ್ತು ಶನಿವಾರ ಅಲ್ಲವೇ, ನಮ್ಮ ಶನಿವಾರದ ರೂಢಿಯಂತೆ ಬೆಳಗ್ಗೆಯೇ ಬೀನ್ಸನ್ನು ಮಣ್ಣಿನ ಪಾತ್ರೆಗೆ ಹಾಕಿ ಒಲೆಯೊಳಗೆ ಇಟ್ಟೆ. ಅಭ್ಯಾಸಬಲ, ಇಬ್ಬರಿಗೆ ಆಗುವಷ್ಟು ಹಾಕಿದ್ದೇನೆ. ಮೊದಲಾದರೆ ವಾಸನೆ ಹಿಡಿದು ಪಕ್ಕದ ಮನೆಯ ಅಜ್ಜಿಯಾದರೂ ಬಟ್ಟಲು ಹಿಡಿದುಕೊಂಡು ಬರುತ್ತಿದ್ದಳು. ಈಗ ಅವಳೂ ಬರುವುದಿಲ್ಲ. ಯಾಕೆಂದು ನಿನಗೆ ಗೊತ್ತು.

ಯಾಕೆಂದು ನಿನಗೊಬ್ಬನಿಗೇ ಗೊತ್ತು. ಫೆಬ್ರವರಿಯಲ್ಲಿ ಇದೇ ಅಡುಗೆಮನೆಯಲ್ಲಿ, ಇದೇ ಮೇಜಿನ ಮುಂದೆ ಕೂತು ನೀನು ನನಗೆ ಪಾಠ ಹೇಳಿದೆ. ಮೇಯರ್ ಹಸ್ಕಿನ್ಸ್ ನಮ್ಮ ಕಾಲುವೆ ಬೀದಿ ಶಾಲೆಯನ್ನು ಮುಚ್ಚಿ ಮಕ್ಕಳನ್ನೆಲ್ಲ ಹೊಳೆಯಾಚೆಯ ಹೊಸ ಶಾಲೆಗೆ ಕಳಿಸಲು ಹೊರಟಿದ್ದಾನೆ, ಶಾಲಾ ಸಮಿತಿಯ ಆರು ಜನರಲ್ಲಿ ನಾಲ್ವರು ಅವನ ಕಡೆ ಇದ್ದಾರೆ, ನಾವು ಅಕ್ಕ ತಮ್ಮ ಇಬ್ಬರೇ ಎದುರು ನಿಂತರೆ ಸೋಲುತ್ತೇವೆ, ಅಲ್ಲಿಗೆ ಕಥೆ ಮುಗಿಯುತ್ತದೆ ಎಂದೆ. ಸಮಿತಿಯ ನಿಯಮ ನಿನಗೆ ಬಾಯಿಪಾಠ. "ಅಕ್ಕಾ, ಸೋತವರಿಗೆ ಆ ವಿಷಯ ಮತ್ತೆ ಎತ್ತೋ ಹಕ್ಕಿಲ್ಲ. ಗೆದ್ದವರಲ್ಲಿ ಒಬ್ರು ಕೇಳಿದ್ರೆ ಮಾತ್ರ ಮುಂದಿನ ಸಭೇಲಿ ಇನ್ನೊಂದ್ಸಲ ಮತಕ್ಕೆ ಹಾಕ್ಬೋದು. ನಿನ್ನ ಹೆಸರು ಕಡೇಲಿ ಕೂಗ್ತಾರೆ. ಸೋಲ್ತಿದೀವಿ ಅಂತ ಕಂಡ್ರೆ ನೀನು ಅವರ ಜೊತೆ ಹೌದು ಅಂದ್ಬಿಡು. ಹದಿನೈದು ದಿನ ಬಿಟ್ಟು ನೀನು ಎತ್ತು, ನಾನು ಅನುಮೋದಿಸ್ತೀನಿ. ಅಷ್ಟರಲ್ಲಿ ಇಬ್ರನ್ನ ತಿರುಗಿಸೋಣ." ನಾನು ಗಂಡನ ಮನೆಯ ಹೆಸರು ಹೊತ್ತವಳು, ವೈಮನ್. ಅಕ್ಷರಗಳ ಸಾಲಿನಲ್ಲಿ ನಿನ್ನ ಥೆರಿಯೋ ಆದಮೇಲೇ ನನ್ನ ಸರದಿ. ಜನ ನನ್ನನ್ನು ಹರಿದು ತಿನ್ನುತ್ತಾರಲ್ಲೋ ಎಂದೆ. ಹದಿನೈದೇ ದಿನ ತಡ್ಕೋ ಎಂದೆ ನೀನು.

ಆ ಮಂಗಳವಾರ ಪುರಭವನದ ಮಹಡಿ ಹೇಗಿತ್ತು ನೆನಪಿದೆಯಾ? ಕೂರಲು ಜಾಗವಿಲ್ಲದೆ ತಾಯಂದಿರು ಗೋಡೆಗೊರಗಿ ನಿಂತಿದ್ದರು, ಕೆಲವರು ಕೆಲಸದ ಏಪ್ರನ್ನಿನಲ್ಲೇ ಬಂದಿದ್ದರು. ಗುಮಾಸ್ತೆ ಮಾರ್ಜರಿ ಒಂದೊಂದೇ ಹೆಸರು ಕೂಗಿದಳು. ನಾಲ್ಕು ಸಲ ಹೌದು ಬಿತ್ತು. ನಿನ್ನ ಹೆಸರು ಬಂದಾಗ ನೀನು ಎದ್ದು ನಿಂತೆ, ಕೂತೇ ಹೇಳಿದ್ದರೂ ಸಾಕಾಗಿತ್ತು, ಎದ್ದು ನಿಂತು "ಇಲ್ಲ" ಎಂದೆ. ಎಂಥ ಚಪ್ಪಾಳೆ! ಆಮೇಲೆ ನನ್ನ ಹೆಸರು. ನಾನು ಹೌದು ಎಂದೆ. ರೋಷೆಲ್ ಪಿನೆಟ್ ಮೆಟ್ಟಿಲ ಹತ್ತಿರ ನನ್ನನ್ನು ಕಾಯುತ್ತಿದ್ದಳು. ಅದೇ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದವಳು, ಬೆಳಕು ಹರಿಯುವ ಮುಂಚೆ ಪಾಳಿಗೆ ಹೋಗುವವಳು. ಅವಳ ಎರಡು ಹೆಣ್ಣುಮಕ್ಕಳು ತಾವೇ ಜಡೆ ಹಾಕಿಕೊಂಡು ಬೀದಿಯ ಮೂಲೆಯ ಶಾಲೆಗೆ ನಡೆದು ಹೋಗುತ್ತವೆ. ಇನ್ನು ಅವು ಹೊಳೆ ದಾಟಬೇಕು. ನಮ್ಮ ವಾರ್ಡು ಶಾಲಾ ಬಸ್ಸು ಓಡುವ ಗಡಿಯ ಒಳಗೆ ಬೀಳುವುದಿಲ್ಲ. ಲಾರಿ ಓಡಾಡುವ ಸೇತುವೆಯ ಪಕ್ಕದ ಕಾಲುದಾರಿಯಲ್ಲಿ, ಮಂಜು ಗಟ್ಟಿಯಾಗಿ ಜಾರುವಾಗಲೂ, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಡೆಯಬೇಕು. ರೋಷೆಲ್ ಬೈಯಲಿಲ್ಲ. "ನೀವು ನಮ್ಮೋರು ಅಂದ್ಕೊಂಡಿದ್ವಿ" ಎಂದಳು, ಅಷ್ಟೇ. ನೀನು ಅಲ್ಲೇ, ಎರಡು ಮೆಟ್ಟಿಲು ಕೆಳಗೆ, ಜನರ ಕೈ ಕುಲುಕುತ್ತಾ ನಿಂತಿದ್ದೆ.

ಆಮೇಲಿನ ದಿನಗಳನ್ನು ಹೇಗೆ ಕಳೆದೆ ಎಂದು ಬರೆದು ನಿನ್ನ ಮನಸ್ಸು ನೋಯಿಸುವ ಆಸೆ ನನಗಿಲ್ಲ. ಇದೆ, ಸುಳ್ಳೇಕೆ. ಒಂದು ಬೆಳಗ್ಗೆ ಬಾಗಿಲು ತೆಗೆದರೆ ಶಾಲೆಯಲ್ಲಿ ಮಕ್ಕಳಿಗೆ ಕೊಡುತ್ತಾರಲ್ಲ, ಆ ಹಾಲಿನ ಪುಟ್ಟ ಪೊಟ್ಟಣಗಳನ್ನು ಒಡೆದು ಹೊಸಿಲ ಮೇಲೆಲ್ಲ ಸುರಿದಿದ್ದರು. ಚಳಿಗೆ ಅಲ್ಲೇ ಗಟ್ಟಿಯಾಗಿತ್ತು, ಚಾಕುವಿನಲ್ಲಿ ಕೆರೆದು ತೆಗೆದೆ. ಬೇಕರಿಯ ಹುಡುಗಿ ಚಿಲ್ಲರೆಯನ್ನು ಕೈಗೆ ಕೊಡದೆ ಕಟ್ಟೆಯ ಮೇಲಿಡುತ್ತಾಳೆ. ಚರ್ಚಿನಲ್ಲಿ ಅಕ್ಕಪಕ್ಕದವರಿಗೆ ‘ಶಾಂತಿ’ ಹೇಳಿ ಕೈ ಕುಲುಕುವ ಹೊತ್ತಿಗೆ ಮುಂದಿನ ಬೆಂಚಿನವರಿಗೆಲ್ಲ ಒಟ್ಟಿಗೇ ಬೂಟಿನ ಲಾಡಿ ಬಿಚ್ಚಿಹೋಗಿತ್ತು. ಅದೇ ವಾರ ಪತ್ರಿಕೆಯಲ್ಲಿ ನಿನ್ನ ಫೋಟೋ, ಕೆಳಗೆ ‘ಬಡವರ ಪರ ಒಂಟಿ ದನಿ’ ಎಂದು. ನಾಷ್ಟಾ ಅಂಗಡಿಯಲ್ಲಿ ನಿನ್ನ ಕಾಫಿಗೆ ಕಾಸು ತೆಗೆದುಕೊಳ್ಳುತ್ತಿರಲಿಲ್ಲವಂತೆ. ನನಗೆ ಹೊಟ್ಟೆಯುರಿಯಲಿಲ್ಲ ಕಣೋ. ಕತ್ತರಿಸಿ ಇಟ್ಟುಕೊಂಡೆ ಆ ಫೋಟೋ. ನನ್ನ ತಮ್ಮ, ಹದಿನೈದು ದಿನ ಮೆರೆಯಲಿ, ಆಮೇಲೆ ಇಬ್ಬರೂ ಒಟ್ಟಿಗೆ ನಗೋಣ ಎಂದುಕೊಂಡೆ.

ನೀನು ಮೆರೆಯುತ್ತಿದ್ದಾಗ ನಾನು ಹೌದು ಎಂದ ನಾಲ್ವರಲ್ಲಿ ಇಬ್ಬರ ಬೆನ್ನು ಹಿಡಿದು ಅಲೆಯುತ್ತಿದ್ದೆ. ಮಿಸೆಸ್ ಡನ್‌ಲ್ಯಾಪ್ ಮನೆಗೆ ಮೂರು ಸಲ ಹೋದೆ, ಹಲ್ಲಿನ ಡಾಕ್ಟರ್ ಕೆಂಪ್ ಹತ್ತಿರ ನೋವಿಲ್ಲದ ಹಲ್ಲನ್ನು ತೋರಿಸಿದೆ. ಇಬ್ಬರನ್ನೂ ಆ ಸೇತುವೆಯ ಮೇಲೆ ಬೆಳಗಿನ ಹೊತ್ತು ನಡೆಸಿಕೊಂಡು ಹೋದೆ. ಒಂದು ಲಾರಿ ಕೆಸರುಮಂಜು ಹಾರಿಸಿ ಡನ್‌ಲ್ಯಾಪ್‌ಳ ಕೋಟು ಸೊಂಟದವರೆಗೆ ಒದ್ದೆಯಾಯಿತು, ಆ ಲಾರಿ ಡ್ರೈವರಿಗೆ ದೇವರು ಒಳ್ಳೆಯದು ಮಾಡಲಿ. ಕಡೆಗೆ ಇಬ್ಬರೂ ಒಪ್ಪಿದರು. ಆದರೆ ಒಪ್ಪಿದ್ದು ಹೀಗೆ: ಮತಕ್ಕೆ ಬಂದರೆ ಶಾಲೆಯ ಪರವಾಗಿಯೇ ಹೇಳುತ್ತೇವೆ, ಅನುಮೋದಿಸಿ ಎಂದು ಮಾತ್ರ ಕೇಳಬೇಡಿ. ಡನ್‌ಲ್ಯಾಪ್‌ಳ ಮಗಳಿಗೆ ಪುರಭವನದಲ್ಲಿ ಕೆಲಸ. ನಾಲ್ಕು ಜನರ ಜೊತೆ ಮತ ಹಾಕುವುದು ಬೇರೆ, ಮೇಯರನ ಎದುರು ಒಬ್ಬಳೇ ಬಾಯಿ ತೆಗೆದು ನಡಾವಳಿಯಲ್ಲಿ ಹೆಸರು ಬರೆಸಿಕೊಳ್ಳುವುದು ಬೇರೆ ಎಂದಳು. ಅದಕ್ಕೇನಂತೆ, ಅನುಮೋದಿಸಲು ನನ್ನ ತಮ್ಮನಿದ್ದಾನೆ ಎಂದೆ. ಬಾಯಿತುಂಬ ಹೇಳಿದೆ.

ಮೊನ್ನೆ ಮಂಗಳವಾರ ನಿನ್ನ ಕುರ್ಚಿ ಖಾಲಿ. ಮಾರ್ಜರಿ ಹಾಜರಿ ಕರೆದಳು. ಮಿಸ್ಟರ್ ಥೆರಿಯೋ ಎಂದು ಎರಡು ಸಲ ಕೂಗಿ, ನನ್ನ ಮುಖ ನೋಡಿ, ಗೈರು ಎಂದು ಬರೆದುಕೊಂಡಳು. ಮಂಜಿಗೆ ಕಾರು ಸಿಕ್ಕಿಕೊಂಡಿರಬೇಕು ಎಂದು ನಾನು ಕಿಟಕಿಯತ್ತ ನೋಡುತ್ತಲೇ ಇದ್ದೆ. ನನ್ನ ವಿಷಯ ಬಂತು. ಎದ್ದು ನಿಂತೆ, ಕಾಲುವೆ ಬೀದಿ ಶಾಲೆ ಮುಚ್ಚುವ ತೀರ್ಮಾನವನ್ನು ಮರುಪರಿಶೀಲಿಸಬೇಕೆಂದು ಸೂಚಿಸುತ್ತೇನೆ ಎಂದೆ. ಹಿಂದಿನ ಸಾಲಿನಲ್ಲಿ ರೋಷೆಲ್ ತಲೆಯೆತ್ತಿದಳು. ಮೇಯರ್ ಅನುಮೋದಕರು ಯಾರಾದರೂ ಇದ್ದಾರೆಯೇ ಎಂದ. ಡನ್‌ಲ್ಯಾಪ್ ಕನ್ನಡಕ ಒರೆಸುತ್ತಿದ್ದಳು. ಕೆಂಪ್ ತನ್ನ ಉಗುರು ನೋಡಿಕೊಳ್ಳುತ್ತಿದ್ದ. ನಾನು ಅವರಿಬ್ಬರನ್ನೂ ಬೇಡುವವಳ ಹಾಗೆ ನೋಡಿದೆ, ಎಲ್ಲರ ಎದುರಿಗೆ, ನಾಚಿಕೆ ಬಿಟ್ಟು. ಮೇಯರ್ ಇನ್ನೊಂದು ಸಲ ಕೇಳಿದ, ಅವನು ನಿಯಮಕ್ಕೆ ತಪ್ಪುವವನಲ್ಲ. ಆಮೇಲೆ ಸುತ್ತಿಗೆ ಕುಟ್ಟಿದ. "ಅನುಮೋದಕರಿಲ್ಲ. ಸೂಚನೆ ಬಿದ್ದುಹೋಗಿದೆ."

ಚರ್ಚೆಯಿಲ್ಲ, ಮತವಿಲ್ಲ. ಶಾಲೆಯ ಪರವಾಗಿ ನಾಲ್ಕು ಮತ ಆ ಕೋಣೆಯಲ್ಲಿ ಇರಬೇಕಾಗಿತ್ತು, ಲೂಸಿಯನ್. ನಿನ್ನದೊಂದು ಬಂದಿದ್ದರೆ ಸಾಕಿತ್ತು. ಇನ್ನು ಅದನ್ನು ಯಾರೂ ಎತ್ತುವ ಹಾಗಿಲ್ಲ, ಜೂನ್‌ನಲ್ಲಿ ಬೀಗ. ಇಳಿದು ಬರುವಾಗ ರೋಷೆಲ್ ಅದೇ ಮೆಟ್ಟಿಲ ಹತ್ತಿರ ಸಿಕ್ಕಳು. ಈಗಲಾದರೂ ಅವಳಿಗೆ ಅರ್ಥವಾಗಿರುತ್ತದೆ ಎಂದುಕೊಂಡು ನಾನು ಹುಚ್ಚಿಯ ಹಾಗೆ ಅವಳ ಕೈ ಹಿಡಿಯಲು ಹೋದೆ. ಅವಳು ಕೈ ಹಿಂದಕ್ಕೆಳೆದುಕೊಂಡು "ಮುಚ್ಚೋದೂ ನೀವೇ, ಈಗ ನಾಟಕಾನೂ ನೀವೇ" ಎಂದಳು. ಪಾಪ, ಥೆರಿಯೋ ಅವರಿಗೆ ಹುಷಾರಿಲ್ಲವಂತೆ, ಅವರಿದ್ದಿದ್ದರೆ ಬಿಡುತ್ತಿರಲಿಲ್ಲ ಎಂದು ಅವಳ ಜೊತೆಯವಳು ಹೇಳಿದಳು. ನಾನು ಹೌದು ಎಂದೆ. ಹೌದು ಎನ್ನುವುದು ನನಗೀಗ ರೂಢಿಯಾಗಿದೆ.

ಯಾರಿಗೂ ಏನೂ ಹೇಳಿಲ್ಲ. ಹೇಳಿದರೆ ನಂಬುವವರು ಯಾರು? ಒಂಟಿ ದನಿಯವನು ನೀನು, ಮಾತು ತಪ್ಪಿದವಳು ನಾನು, ಊರಿನ ಲೆಕ್ಕದಲ್ಲಿ ಅದು ಇತ್ಯರ್ಥವಾಗಿದೆ. ನಿನ್ನೆ ಸಂಜೆ ಶಾಲೆಯ ಹತ್ತಿರ ಹೋಗಿದ್ದೆ. ನೆಲಮಾಳಿಗೆಯ ಆ ಬಾಗಿಲು ಇನ್ನೂ ಹಸಿರು ಬಣ್ಣದ್ದೇ. ಅಪ್ಪ ಅಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದಾಗ ನಾವಿಬ್ಬರೂ ಬುತ್ತಿ ಬಿಚ್ಚಿಕೊಂಡು ಅಲ್ಲೇ ಕೂರುತ್ತಿದ್ದೆವು. "ಮಕ್ಕಳು ಬರೋ ಹೊತ್ತಿಗೆ ಗೋಡೆ ಬೆಚ್ಚಗಿರ್ಬೇಕು" ಎನ್ನುತ್ತಿದ್ದ. ಅದಕ್ಕಾಗಿ ಅವನು ಕತ್ತಲಲ್ಲೇ ಮನೆ ಬಿಡುತ್ತಿದ್ದ. ನನಗೆ ಅಳು ಬಂತು ಲೂಸಿಯನ್, ಬೀದಿಯಲ್ಲಿ ನಿಂತು ಅತ್ತೆ. ನೋಡಿದವರು ಇದೂ ನಾಟಕ ಎಂದುಕೊಂಡಿರಬಹುದು.

ಬೀನ್ಸ್ ಬೆಂದಿರಬೇಕು, ಏಳುತ್ತೇನೆ. ಮಂಡಿಗೆ ಬಿಸಿನೀರಿನ ಚೀಲ ಇಟ್ಟುಕೋ. ಕೆರೆಯ ಅಂಚಿನತ್ತ ಕಾಲಿಡಬೇಡ. ಕ್ಲೇರ್‌ಗೆ ಒಂದು ಸಾಲು ಬರೆದು ಹಾಕು, ಅವಳ ತಪ್ಪೇನೂ ಇಲ್ಲ. ನೀನು ಬೆಚ್ಚಗಿರು, ಚೆನ್ನಾಗಿರು ಎಂದು ಬೇಡುತ್ತೇನೆ. ಬೇಡದಿರಲು ನನ್ನ ಕೈಲಾಗುವುದಿಲ್ಲ, ನೀನು ನಡೆಯಲು ಕಲಿತದ್ದು ನನ್ನ ಬೆರಳು ಹಿಡಿದೇ.

ನಿನ್ನ ಅಕ್ಕ,
ಒಡೆಟ್

ಮರೆತ ಮಾತು: ಅಂಚೆಯವನು ಬರುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ನೀನು ಯಾಕೆ ಬರಲಿಲ್ಲ ಎಂದು ನಾನು ಕೇಳಲಿಲ್ಲ, ನೋಡಿದೆಯಾ? ನನಗೆ ಗೊತ್ತಾಯಿತು. ನನ್ನ ಸೂಚನೆ ಬಿದ್ದ ಮೇಲೆ ಮೇಯರ್ ಮುಂದಿನ ವಿಷಯ ಓದಿದ: ಹೊಳೆಯಾಚೆಯ ಹೊಸ ಶಾಲೆಯ ಆಟದ ಸಭಾಂಗಣಕ್ಕೆ ಒನೆಸಿಮ್ ಥೆರಿಯೋ ಅವರ ಹೆಸರಿಡುವುದು. ನಮ್ಮ ಅಪ್ಪನ ಹೆಸರು. "ಲೂಸಿಯನ್ ಬಹಳ ಆಸೆಪಟ್ಟು ಕೇಳಿಕೊಂಡಿದ್ದರು, ಅವರಿಗೆ ನಾನು ಮಾತು ಕೊಟ್ಟಿದ್ದೆ" ಎಂದ ಮೇಯರ್. ನಿನ್ನ ಖಾಲಿ ಕುರ್ಚಿಯ ಬೆಲೆ ಅದು. ಅವನ ಕಡೆಯವನೊಬ್ಬ ಸೂಚಿಸಿದ. ಹೆಸರಿಡುವಾಗ ಆ ಮನೆಯವರೇ ಅನುಮೋದಿಸುವುದು ನಮ್ಮ ಸಮಿತಿಯ ಮರ್ಯಾದೆ, ನಿನಗೆ ಗೊತ್ತಿರುವುದೇ. ಅದಕ್ಕೇ ಬೇರೆ ಯಾರೂ ಬಾಯಿ ತೆಗೆಯಲಿಲ್ಲ, ಎಲ್ಲರೂ ನನ್ನತ್ತ ತಿರುಗಿ ಕಾದರು. ಡನ್‌ಲ್ಯಾಪ್ ನಕ್ಕಳು ಕೂಡ, ನನಗೆ ಸಮಾಧಾನವಾಗಲಿ ಎಂದು. ಮೇಯರ್ ಎರಡು ಸಲ ಕೇಳಿದ. ನಾನು ಅಪ್ಪನ ಕಲ್ಲಿದ್ದಲು ಮೆತ್ತಿದ ಕೈಯನ್ನು ನೆನೆಸಿಕೊಂಡು, ಮೇಜು ನೋಡುತ್ತಾ ಸುಮ್ಮನೆ ಕೂತೆ. ಮಾರ್ಜರಿ ಆ ಸಂಜೆ ಎರಡನೆಯ ಸಲ ‘ಅನುಮೋದಕರಿಲ್ಲ’ ಎಂದು ಬರೆದುಕೊಂಡಳು. ನೀನು ಬಂದು ನಿನ್ನ ಕುರ್ಚಿಯಲ್ಲಿ ಕೂತಿದ್ದರೆ ಎರಡನ್ನೂ ನೀನೇ ಅನುಮೋದಿಸಬಹುದಿತ್ತು.