ಮಾಡಿನ ಮೇಲಿನ ನೀಲಿ ತೇಪೆ

ಕಾಪು ಪಡು
12 ನವೆಂಬರ್ 2024

ಪ್ರೀತಿಯ ದೇಜಣ್ಣನಿಗೆ ತಂಗಿ ವಾರಿಜಾಳ ನಮಸ್ಕಾರಗಳು.

ದೇವರ ದಯದಿಂದ ನಾವಿಲ್ಲಿ ಸೌಖ್ಯ. ನಿನ್ನ ಮೊಣಕಾಲು ನೋವು ಹೇಗುಂಟು? ಎರಡು ತಿಂಗಳಿನಿಂದ ಬರೆಯಬೇಕೆಂದು ಕುಳಿತರೂ ಕೈ ಏಳಲಿಲ್ಲ, ಕ್ಷಮಿಸು. ಫೋನ್ ಮಾಡಿದರೆ ಅತ್ತಿಗೆಯೇ ಎತ್ತಿ, ನೀನು ಬಲೆ ಸರಿಮಾಡುತ್ತಿದ್ದೀಯ ಎನ್ನುತ್ತಾರೆ. ಯಾವ ಹೊತ್ತಿಗೆ ಮಾಡಿದರೂ ಬಲೆಯೇ. ಅದಕ್ಕೆ ಈ ಕಾಗದ.

ಮಾನಸಳ ಮದುವೆ ಡಿಸೆಂಬರ್ ಎಂಟು, ಆದಿತ್ಯವಾರಕ್ಕೆ ನಿಶ್ಚಯವಾಗಿದೆ. ಹುಡುಗ ಅದೇ, ಕಲ್ಯಾಣಪುರದ ಅಖಿಲ್. ನನ್ನ ಮಗಳಿಗೆ ಅಪ್ಪ ಇಲ್ಲ. ಧಾರೆ ಎರೆಯಲು ಸೋದರಮಾವ ನೀನೇ ನಿಲ್ಲಬೇಕು. ಇದನ್ನು ಕೇಳುವ ಮುಖ ನನಗಿಲ್ಲ, ಅದೂ ಗೊತ್ತುಂಟು.

ಜುಲೈಯಲ್ಲಿ ದೇವರ ಕೋಣೆ ಸೋರಿ ದೀಪ ನಿಲ್ಲುತ್ತಿರಲಿಲ್ಲ. ನಮ್ಮ ಹಳೆಯ ಹಂಚಿನ ಜೊತೆ ಈಗಿನ ಹಂಚು ಕೂರುವುದಿಲ್ಲ ಎಂದು ಕೆಲಸದವರೆಲ್ಲ ಹೋದರು. ಮೀನುಗಾರಿಕೆಗೆ ರಜೆ ಎಂದು ನೀನು ಎರ್ಮಾಳಿನಿಂದ ದಿನಾ ಬಂದೆ. ಮಾಡು ಹತ್ತಿ ಒಡೆದ ಹಂಚುಗಳನ್ನು ಇಳಿಸಿ, ಒಣಗಿಸಿ, ದೋಣಿಗೆ ಹಾಕುವ ಹಾಗೆಯೇ ಫೈಬರ್ ತೇಪೆ ಹಾಕಿದೆ. ಮೇಲೆ ದೋಣಿಗೆ ಬಳಿದು ಉಳಿದ ನೀಲಿ ಪೈಂಟು. ಆಮೇಲೆ ಒಂದು ಹನಿ ಬೀಳಲಿಲ್ಲ. ನಾನು ದೀಪ ಹಚ್ಚಿ, ಅಂಗಳಕ್ಕೆ ಬಂದು ಮಾಡು ನೋಡಿ ಮುಖ ತಿರುಗಿಸಿದೆ. ಅಸಹ್ಯ ಕಾಣುತ್ತಿತ್ತು ಅಣ್ಣ, ಇಲ್ಲ ಎಂದು ಹೇಗೆ ಹೇಳಲಿ.

ಪಕ್ಕದ ಮನೆಯ ಭವ್ಯಶ್ರೀ, "ವಾರಿಜಕ್ಕ, ಮನೆಯನ್ನು ಕಡಲಿಗೆ ಇಳಿಸುವುದು ಯಾವಾಗ?" ಎಂದಳು. ದೀಪಸ್ತಂಭ ನೋಡಲು ಹೋಗುವವರೂ ನಿಂತು ಫೋಟೋ ತೆಗೆದರು. ನಿನಗೆ ಹೇಳದೆ ಪೈಂಟರ್ ಆಶ್ಲಿಯನ್ನು ಕರೆಸಿ ಕೆಂಪು ಬಳಿಸಿದೆ. ಫೈಬರಿಗೆ ಈ ಬಣ್ಣ ಹಿಡಿಯುವುದಿಲ್ಲ ಎಂದು ಅವನು ಹೇಳಿದ್ದ, ನಾನು ಕೇಳಲಿಲ್ಲ. ಎರಡು ಮಳೆಗೆ ಬಣ್ಣ ಎದ್ದು, ಹುಳಕಡ್ಡಿ ಹಿಡಿದ ಚರ್ಮದ ಹಾಗಾಯಿತು. ತೆಂಗಿನ ಮಡಲು ಹೊದಿಸಿದರೆ ಗಾಳಿ ಬಿಡಲಿಲ್ಲ.

ಸೆಪ್ಟೆಂಬರಿನಲ್ಲಿ ಗಂಡಿನ ಕಡೆಯವರು ಬಂದ ದಿನ ನೀನು ಬೆಳಿಗ್ಗೆಯೇ ಬಂದು, ಅಂಗಳ ಗುಡಿಸಿ, ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಿದ್ದೆ. ಅಖಿಲನ ದೊಡ್ಡಮ್ಮ ಗುಣವತಿಯವರು ಚಾವಡಿಯಲ್ಲಿ ಕುಳಿತವರೇ, "ಮಾಡಿಗೆ ಅದೆಂತ ಹಾಕಿದ್ದು? ಯಾರು ಮಾಡಿದ್ದು?" ಎಂದು ಕೇಳಿದರು.

"ಯಾರೋ ಕುಡುಕ ಮಾಡಿ ಹೋದದ್ದು. ನಮಗೆ ಅವನ ಗುರ್ತವೂ ಇಲ್ಲ" ಎಂದೆ.

ನೀನು ಕುಡಿತ ಬಿಟ್ಟು ಒಂಬತ್ತು ವರ್ಷವಾಯಿತು. ಬಿಡಿಸೆಂದು ಮಾರಿಗುಡಿಯಲ್ಲಿ ಹರಕೆ ಹೊತ್ತವಳು ನಾನೇ. ಅದೇ ಬಾಯಿಯಲ್ಲಿ ಹಾಗೆ ಹೇಳಿದೆ. ನೀನು ಊಟವೂ ಮಾಡದೆ ಹಿಂದಿನ ಬಾಗಿಲಿನಿಂದ ಹೋದೆ. ಮಾಮ ಎಲ್ಲಿ ಎಂದು ಮಾನಸ ಕೇಳಿದಾಗ, ಅರ್ಜೆಂಟ್ ಕೆಲಸ ಬಂತಂತೆ ಎಂದು ಅವಳಿಗೂ ಸುಳ್ಳು ಹೇಳಿದೆ. ಈಗ ಅವಳಿಗೆ ಎಲ್ಲ ತಿಳಿದಿದೆ. ಮಾಮ ಬಾರದೆ ಮಂಟಪ ಹತ್ತುವುದಿಲ್ಲ ಎಂದು ಒಂದೇ ಮಾತು ಹೇಳಿದ್ದಾಳೆ.

ಮೊನ್ನೆ ಕಲ್ಯಾಣಪುರಕ್ಕೆ ಹೋಗಿ ಗುಣವತಿಯವರಿಗೆ ನಿಜ ಹೇಳಿ ಬಂದೆ. ಅವರು, "ನಮ್ಮದೂ ದೋಣಿಯವರ ಮನೆಯೇ ಅಲ್ವಾ? ನಮ್ಮ ಬಚ್ಚಲಿನ ಮಾಡಿಗೂ ಅದೇ ಫೈಬರ್ ಉಂಟು" ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಆಶ್ಲಿಯಿಂದ ಕೆಂಪನ್ನೆಲ್ಲ ಕೆರೆಸಿದ್ದೇನೆ. ಮದುವೆಗೆ ಬಂದವರು ನಿನ್ನ ನೀಲಿಯನ್ನೇ ನೋಡಲಿ. ಕೇಳಿದವರಿಗೆ ನಿನ್ನ ಹೆಸರು ಹೇಳುತ್ತೇನೆ. ನನ್ನ ಹತ್ತಿರ ಮಾತಾಡುವುದು ಬೇಡ, ಮಾನಸಳ ಕೈಗೆ ನೀರು ಎರೆದು ಹಾಗೆಯೇ ಹೋದರೂ ಸಾಕು. ಬಾ.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ನನ್ನ ಆಶೀರ್ವಾದ. ಮಾರಿಯಮ್ಮ ನಿಮ್ಮನ್ನೆಲ್ಲ ಕಾಯಲಿ.

ನಿನ್ನ ತಂಗಿ
ವಾರಿಜಾ

ಮೇಲೆ ಬರೆಯಲು ಧೈರ್ಯ ಸಾಲದೆ ಬಿಟ್ಟದ್ದು: ನೀನು ಕೇಳಿಸಿಕೊಳ್ಳುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ ಎಂದು ಅತ್ತಿಗೆಗೆ ಹೇಳಿದ್ದೇನೆ. ಅದು ಸುಳ್ಳು. ಶರಬತ್ತಿನ ತಟ್ಟೆ ಹಿಡಿದು ನೀನು ಬಾಗಿಲ ಹಿಂದೆ ನಿಂತದ್ದನ್ನು ನೋಡಿದ್ದೆ. ಹೊರಗೆ ಬಂದು, ನಾನು ಇವಳ ಅಣ್ಣ, ನಾನೇ ಮಾಡಿದ್ದು ಎನ್ನುತ್ತೀಯೋ ಎಂದು ಹೆದರಿ, ನೀನು ಬಾರದಿರಲಿ ಎಂದೇ ಹಾಗೆ ಹೇಳಿದ್ದು. ನೀನು ಬರಲಿಲ್ಲ. ಗ್ಲಾಸು ಸದ್ದಾಗದ ಹಾಗೆ ತಟ್ಟೆಯನ್ನು ನೆಲದ ಮೇಲೆ ಇಟ್ಟೆ. ಅದನ್ನೂ ನಾನು ನೋಡಿದೆ.